ಬ್ಯಾನರಿಗೆ ಎಷ್ಟು ಆಯುಷ್ಯ?

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದು, ಪೀರನವಾಡಿ ದಾಟಿ ಮುಂದೆ ಹೋದರೆ ಮಚ್ಛೆ ಸಿಗುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು. ಇನ್ನೊಂದು ಕಡೆ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’. ಪಾಳಿ ಮುಗಿಸಿ ಬರುವ ಕಾರ್ಮಿಕರು, ಪ್ರಾಜೆಕ್ಟ್ ವರದಿಗೆ ಬೈಂಡಿಂಗ್ ಮಾಡಿಸಲು ಓಡುವ ಎಂಜಿನಿಯರಿಂಗ್ ಹುಡುಗರು, ಇಬ್ಬರನ್ನೂ ನೆಚ್ಚಿಕೊಂಡ ಸಣ್ಣ ಅಂಗಡಿಗಳು ಈ ರಸ್ತೆಯ ಬದಿಯಲ್ಲಿವೆ. ಝೆರಾಕ್ಸ್, ಡಿಟಿಪಿ, ಲಗ್ನಪತ್ರಿಕೆ, ರಬ್ಬರ್ ಸ್ಟಾಂಪು, ಸ್ಟಿಕರು, ಬೋರ್ಡು, ಬ್ಯಾನರು ಎಲ್ಲವೂ ಒಂದೇ ಶಟರಿನೊಳಗೆ. ಅಂಥದೊಂದು ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಬೇರೆ ಕಡೆ ಸಾಮಾನ್ಯವಾಗಿ ಕಾಣದ ಒಂದು ಕಾಲಮ್ಮು ಇದೆ. ಹೆಸರು, ಅಳತೆ, ಮುಂಗಡ, ಬಾಕಿ ಇವುಗಳಾದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಕೈಯಿಂದಲೇ ಬರೆದದ್ದು: ‘ಎಷ್ಟು ದಿನ ಇರಬೇಕು?’

ಗಿರಾಕಿಗಳಿಗೆ ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ‘ಇದೇನ್ ಕೇಳ್ತೀರ್ರೀ, ಎಷ್ಟ ದಿನ ಬರ್ತೈತೋ ಅಷ್ಟ ದಿನ ಇರ್ಲಿ’ ಎನ್ನುವವರೇ ಹೆಚ್ಚು. ಅಂಗಡಿಯಾತ ಬಿಡುವುದಿಲ್ಲ. ಸ್ವಾಗತ ಸಮಾರಂಭಕ್ಕೋ, ಕಿರಾಣಿ ಅಂಗಡಿಯ ಹಣೆಗೋ, ಶಾಲೆಯ ಗೋಡೆಗೋ? ಒಂದು ದಿನವೋ, ಒಂದು ಮಳೆಗಾಲವೋ, ಮೂರು ವರ್ಷವೋ? ಉತ್ತರ ಬರೆದುಕೊಂಡ ಮೇಲೆಯೇ ಅವನ ಕೈ ಕಂಪ್ಯೂಟರಿನ ಕಡೆಗೆ ಹೋಗುವುದು.

ಆ ಕಾಲಮ್ಮು ಹುಟ್ಟಿದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಿಂದ ದೊಡ್ಡ ಆರ್ಡರು ಬಂತು. ಮೂಲವಸ್ತುಗಳ ಆವರ್ತ ಕೋಷ್ಟಕ, ಕರ್ನಾಟಕದ ನದಿಗಳ ನಕಾಶೆ, ಮನುಷ್ಯನ ಎಲುಬಿನ ಹಂದರ, ಮಗ್ಗಿ ಹೀಗೆ ಗೋಡೆಗೆ ಹಾಕುವ 24 ಫಲಕಗಳು. ವಿನೈಲ್ ಹಾಳೆಯ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಲ್ಯಾಮಿನೇಶನ್ ಹೊದಿಸಿ, ಸನ್ ಬೋರ್ಡಿಗೆ ಅಂಟಿಸಿ ಕೊಡಬೇಕು. ವಾರ್ಷಿಕೋತ್ಸವದ ಹಿಂದಿನ ದಿನ ಮಧ್ಯಾಹ್ನ ಅಂತಿಮ ಒಪ್ಪಿಗೆ ಸಿಕ್ಕಿತು, ಮರುದಿನ ಮುಂಜಾನೆ ಒಯ್ಯಲು ಟೆಂಪೋ ಬರುವುದಿತ್ತು.

‘ಲ್ಯಾಮಿನೇಶನ್ ಇವತ್ತ ಬ್ಯಾಡ್ರಿ, ಒಂದಿನ ಬಿಡ್ರಿ’ ಎಂದು ಅಂಗಡಿಯಾತ ಹೇಳಿ ನೋಡಿದ.

‘ಯಾಕ್ರೀ? ಮಷಿನ್ ಐತೆಲ್ರಿ?’

‘ಮಷಿನ್ ಐತ್ರಿ. ಶಾಯಿ ಇನ್ನಾ ಹಸಿ ಐತಿ.’

ಬಂದವರು ಹಾಳೆಯ ಮೇಲೆ ಬೆರಳೊರೆಸಿ ತೋರಿಸಿದರು. ಬೆರಳಿಗೆ ಬಣ್ಣ ಹತ್ತಲಿಲ್ಲ. ‘ಒಣಗೇತೆಲ್ರಿ!’ ಎಂದರು. ಬೆರಳಿನ ಸಾಕ್ಷಿಯ ಮುಂದೆ ವಾದ ನಿಲ್ಲಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಕೂತು ಎಲ್ಲವನ್ನೂ ಹೊದಿಸಿ ಅಂಟಿಸಿಕೊಟ್ಟದ್ದಾಯಿತು. ವಾರ್ಷಿಕೋತ್ಸವ ಚೆನ್ನಾಗಿ ನಡೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಫಲಕಗಳ ಅಂಚು ಮುದುರತೊಡಗಿದವು. ಎಲುಬಿನ ಹಂದರದ ಎದೆಯ ಮೇಲೆ ಗುಳ್ಳೆಗಳೆದ್ದವು. ಕೃಷ್ಣಾ ನದಿಯ ಪಾತ್ರದಲ್ಲಿ ಲ್ಯಾಮಿನೇಶನ್ ಬೇರೆ, ಹಾಳೆ ಬೇರೆಯಾಗಿ ಬಿಟ್ಟವು. ಇಪ್ಪತ್ತನಾಲ್ಕನ್ನೂ ಸ್ವಂತ ಖರ್ಚಿನಲ್ಲಿ ಮತ್ತೆ ಮಾಡಿಕೊಡಬೇಕಾಯಿತು. ಮಗಳು ಆ ವರ್ಷ ಪಿಯುಸಿ ವಿಜ್ಞಾನಕ್ಕೆ ಸೇರುವವಳಿದ್ದಳು. ಶಾಲೆಯ ಬಿಲ್ಲು ಬಂದರೆ ಅವಳ ಕಾಲೇಜಿನ ಫೀ ಎಂದು ಮನೆಯಲ್ಲಿ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಫೀ ಕಟ್ಟಿದ್ದು ಕೈಗಡ ತಂದು.

ಬೆರಳಿಗೆ ಬಣ್ಣ ಹತ್ತದಿದ್ದರೂ ಶಾಯಿ ಹಸಿಯಿರುವುದು ಹೇಗೆ? ಇಂಥ ಮುದ್ರಣದ ಶಾಯಿಯಲ್ಲಿ ಬಣ್ಣದ ಕಣಗಳ ಜೊತೆಗೆ ಒಂದು ದ್ರಾವಕ ಇರುತ್ತದೆ. ಆ ದ್ರಾವಕ ವಿನೈಲಿನ ಮೇಲ್ಮೈಯನ್ನು ತುಸು ಮೆತ್ತಗೆ ಮಾಡಿ, ಬಣ್ಣ ಅದರೊಳಗೆ ಕಚ್ಚಿಕೊಳ್ಳುವಂತೆ ಮಾಡುತ್ತದೆ. ಯಂತ್ರದ ಹೀಟರು ಮೇಲಿನ ಪದರನ್ನು ಬೇಗ ಒಣಗಿಸುತ್ತದೆ. ಒಳಗೆ ಇಳಿದದ್ದು ನಿಧಾನವಾಗಿ, ಗಂಟೆಗಟ್ಟಲೆ ಆವಿಯಾಗಿ ಹೊರಗೆ ಬರುತ್ತಿರುತ್ತದೆ. ಅಷ್ಟರಲ್ಲಿಯೇ ಲ್ಯಾಮಿನೇಶನ್ ಹೊದಿಸಿದರೆ ಹೊರಗೆ ಹೋಗುವ ದಾರಿ ಮುಚ್ಚಿತು. ಸಿಕ್ಕಿಬಿದ್ದ ದ್ರಾವಕ ವಿನೈಲನ್ನು ಮತ್ತಷ್ಟು ಮೆತ್ತಗೆ ಮಾಡುತ್ತದೆ, ಅಂಟನ್ನೂ ಕೆಡಿಸುತ್ತದೆ. ಅಂಚು ಮುದುರುವುದಕ್ಕೂ ಗುಳ್ಳೆ ಏಳುವುದಕ್ಕೂ ಇದೇ ಕಾರಣ. ಆದ್ದರಿಂದಲೇ ಈ ಕಸುಬಿನಲ್ಲಿ ಮುದ್ರಿಸಿದ ಹಾಳೆಯನ್ನು ಕನಿಷ್ಠ 24 ಗಂಟೆ ಗಾಳಿಗೆ ಬಿಟ್ಟು ಲ್ಯಾಮಿನೇಶನ್ ಮಾಡಬೇಕೆಂಬ ರೂಢಿ. ಬಿಗಿಯಾಗಿ ಸುತ್ತಿಟ್ಟ ರೋಲಿನಲ್ಲಿ ಕಳೆದ 24 ಗಂಟೆ ಲೆಕ್ಕಕ್ಕೆ ಬರುವುದಿಲ್ಲ. ಹಾಳೆಯನ್ನು ಹರವಬೇಕು, ಜಾಗವಿಲ್ಲದಿದ್ದರೆ ಸಡಿಲವಾಗಿ ಸುತ್ತಿ ನೆಟ್ಟಗೆ ನಿಲ್ಲಿಸಿ ಫ್ಯಾನು ಹಚ್ಚಬೇಕು.

ಅಂಗಡಿಯಾತನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗಿರಾಕಿಗೆ ತಿಳಿಯುವ ಹಾಗೆ ಹೇಳಲು ಬರುತ್ತಿರಲಿಲ್ಲ. ಆ ಮಾತು ಕೊಟ್ಟವಳು ಅವನ ಹೆಂಡತಿ. ‘ಸಂಡಿಗಿ ನೋಡ್ರಿ, ಮ್ಯಾಲ ಗರಿಗರಿ ಆಗಿರ್ತಾವ. ಒಳಗ ಹಸಿ ಇದ್ದಾಗ ಡಬ್ಬಿಗೆ ತುಂಬಿದ್ರ ಏನಾಗ್ತೈತಿ?’ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಮನೆಯವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಈಗ ಅವಸರದ ಗಿರಾಕಿ ಬಂದು ಬೆರಳೊರೆಸಿ ತೋರಿಸಿದಾಗಲೆಲ್ಲ ಸಂಡಿಗೆಯ ದೃಷ್ಟಾಂತವೇ ಹೊರಬೀಳುತ್ತದೆ.

ಮಗಳಿಗೆ ಮಾತ್ರ ದೃಷ್ಟಾಂತದಿಂದ ಸಮಾಧಾನವಾಗಲಿಲ್ಲ. ರಸಾಯನಶಾಸ್ತ್ರದ ಪುಸ್ತಕ ಆಗಷ್ಟೇ ಕೈಗೆ ಬಂದಿತ್ತು. ಒಂದೇ ಹಾಳೆಯಲ್ಲಿ ಗಾಢವಾದ ಬಣ್ಣದ ಒಂದು ಪಟ್ಟಿ ಮುದ್ರಿಸಿ ನಾಲ್ಕು ತುಂಡು ಮಾಡಿಸಿಕೊಂಡಳು. ಒಂದಕ್ಕೆ ಒಂದು ಗಂಟೆಯ ಮೇಲೆ, ಇನ್ನೊಂದಕ್ಕೆ ಆರು ಗಂಟೆಯ ಮೇಲೆ, ಉಳಿದೆರಡಕ್ಕೆ 24 ಮತ್ತು 48 ಗಂಟೆಯ ಮೇಲೆ ಲ್ಯಾಮಿನೇಶನ್ ಮಾಡಿ, ಹಿಂದೆ ತಾರೀಖು ಬರೆದು, ಅಂಗಡಿಯ ಪಡುವಣ ಗೋಡೆಗೆ ಬಿಸಿಲು ಬೀಳುವಲ್ಲಿ ತೂಗುಹಾಕಿದಳು. ಮೊದಲ ತುಂಡು ಎಂಟನೆಯ ದಿನಕ್ಕೆ ಗುಳ್ಳೆ ಕಟ್ಟಿತು. ಎರಡನೆಯದು ಸ್ವಲ್ಪ ತಡೆದು ಅಂಚಿನಲ್ಲಿ ಸುರುಳಿಯಾಯಿತು. ಉಳಿದೆರಡರಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ನಾಲ್ಕು ತುಂಡಿನ ಪರೀಕ್ಷೆ ವಿಜ್ಞಾನವೆನ್ನಿಸಿಕೊಳ್ಳಲು ಸಾಲದು, ನಿಜ. ಆದರೂ ವಿಜ್ಞಾನ ಮೇಳಗಳಲ್ಲಿ ಪೇಟೆಯಿಂದ ಕೊಂಡು ತಂದ ಥರ್ಮೋಕೋಲಿನ ಜ್ವಾಲಾಮುಖಿಗಿಂತ ಇಂಥ ನಾಲ್ಕು ತುಂಡುಗಳು ಮೇಲು. ಅವು ಇಂದಿಗೂ ಕೌಂಟರಿನ ಹಿಂದೆ ನೇತಾಡುತ್ತಿವೆ, ಗಿರಾಕಿಗೆ ತೋರಿಸಲು.

ಕಾದು ಒಣಗಿಸಿದ್ದಾಯಿತು, ಹೊದಿಸಿದ್ದಾಯಿತು. ಆಮೇಲಿನ ಶತ್ರು ಬಿಸಿಲು. ರಸ್ತೆಯ ಬದಿಯಲ್ಲಿ ಬಹುಕಾಲ ಉಳಿದ ಹಳೆಯ ಪೋಸ್ಟರುಗಳನ್ನು ಯಾರಾದರೂ ಗಮನಿಸಿರಬಹುದು: ಕೆಂಪು ಸೀರೆ, ಹಳದಿ ಪೇಟ, ಹಣೆಯ ಕುಂಕುಮ ಎಲ್ಲ ಹೋಗಿ ಮುಖಗಳು ನೀಲಿಗಟ್ಟಿರುತ್ತವೆ. ಬಣ್ಣದ ಮುದ್ರಣ ನಡೆಯುವುದು ನಾಲ್ಕು ಶಾಯಿಗಳಲ್ಲಿ, ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿ ಕೆಂಪು, ಹಳದಿ ಮತ್ತು ಕಪ್ಪು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಅಣುಗಳ ಬಂಧಗಳನ್ನು ಕಡಿಯುತ್ತವೆ. ಸಾಮಾನ್ಯವಾಗಿ ಮೊದಲು ಸೋಲುವವು ಹಳದಿ ಮತ್ತು ಮೆಜೆಂಟಾ. ಕಪ್ಪು ಎಂದರೆ ಹೆಚ್ಚಾಗಿ ಇಂಗಾಲದ ಕಾಡಿಗೆಯೇ, ಅದು ಜಗ್ಗುವುದಿಲ್ಲ. ನೀಲಿಯೂ ಗಟ್ಟಿ. ಆ ನೀಲಿಯ ಮನೆತನದ ಹೆಸರು ಥ್ಯಾಲೋಸಯನೀನ್. ಈ ಮನೆತನ ಬೆಳಕಿಗೆ ಬಂದ ಬಗೆ ಸ್ವಾರಸ್ಯಕರ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಬಣ್ಣದ ಕಾರ್ಖಾನೆಯಲ್ಲಿ ಬೇರೇನನ್ನೋ ತಯಾರಿಸುತ್ತಿದ್ದಾಗ ಪಾತ್ರೆಯ ಒಳಮೈಯ ಗಾಜಿನ ಲೇಪ ಬಿರುಕುಬಿಟ್ಟು, ಕಬ್ಬಿಣ ತಗುಲಿ, ಯಾರೂ ಬಯಸದ ಒಂದು ನೀಲಿ ವಸ್ತು ಹುಟ್ಟಿತು. ಕಬ್ಬಿಣದ ಬದಲು ತಾಮ್ರ ಕೂತ ಅದರ ಸೋದರನೇ ಇಂದಿನ ಸಯಾನ್ ಶಾಯಿ. ಎಲೆಯ ಹಸಿರಿನಲ್ಲಿರುವ ಅಣುವಿಗೂ ಇದಕ್ಕೂ ರಚನೆಯಲ್ಲಿ ಹೋಲಿಕೆಯಿದೆ.

ಆದ್ದರಿಂದ ಮೂರು ವರ್ಷ ಇರಬೇಕಾದ ಬೋರ್ಡಿನಲ್ಲಿ ಅಂಗಡಿಯ ಹೆಸರನ್ನು ಹಳದಿ ಹಿನ್ನೆಲೆಯ ಮೇಲೆ ಕೆಂಪಿನಲ್ಲಿ ಬೇಕೆಂದು ಹಟ ಹಿಡಿಯುವವರಿಗೆ ಈತ ಬೇರೆ ದಾರಿ ಹೇಳುತ್ತಾನೆ. ಮುದ್ರಿಸುವ ಬದಲು ಬಣ್ಣ ಮೈಯಲ್ಲೇ ಬೆರೆತ ವಿನೈಲ್ ಹಾಳೆಯಿಂದ ಅಕ್ಷರ ಕತ್ತರಿಸಿ ಅಂಟಿಸುವುದು. ಖರ್ಚು ಹೆಚ್ಚು, ಬಾಳಿಕೆ ಅದಕ್ಕೂ ಹೆಚ್ಚು. ಮುದ್ರಣವೇ ಬೇಕೆಂದರೆ ನೇರಳಾತೀತ ಕಿರಣ ತಡೆಯುವ ಲ್ಯಾಮಿನೇಶನ್ ಹಾಕಬೇಕು. ಅದೂ ಮಸುಕಾಗುವುದನ್ನು ಮುಂದೂಡುತ್ತದೆ, ನಿಲ್ಲಿಸುವುದಿಲ್ಲ. ಬಿಸಿಲಿಗೆ ತೆಂಕಣ, ಪಡುವಣ ಗೋಡೆಗಳೇ ಹೆಚ್ಚು ಬಲಿ. ಬೋರ್ಡಿನ ಮೇಲೆ ಒಂದಡಿ ತಗಡಿನ ಮರೆ ಇಳಿಬಿಟ್ಟರೆ ದುಬಾರಿ ಲ್ಯಾಮಿನೇಶನ್ನಿನ ಅರ್ಧ ಕೆಲಸ ಅದೇ ಮಾಡುತ್ತದೆ. ಆದರೆ ತಗಡಿನ ಮರೆಯಲ್ಲಿ ಅಂಗಡಿಯಾತನಿಗೆ ಏನೂ ಗಿಟ್ಟುವುದಿಲ್ಲ. ಆದರೂ ಅದನ್ನೇ ಮೊದಲು ಹೇಳುತ್ತಾನೆ. 2024ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕದ ಶೇಕಡಾ 60ರಷ್ಟು ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ ಎಂದಾದಾಗ ಬೋರ್ಡು ಬದಲಿಸುವ ಕೆಲಸ ಬಂತು. ಹಳೆಯ ಬೋರ್ಡುಗಳನ್ನು ಇಳಿಸಿದಾಗ ತಗಡಿನ ಮರೆಯ ಕೆಳಗಿದ್ದವು ಯಾವುವು, ಬಯಲಲ್ಲಿದ್ದವು ಯಾವುವು ಎಂದು ಕೇಳದೆಯೇ ತಿಳಿಯುತ್ತಿತ್ತು.

ವಿನೈಲಿಗೂ ಬಿಸಿಲಿಗೂ ಇರುವ ನಂಟು ಹಳೆಯದು. 1872ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಗನ್ ಬೌಮನ್ ವಿನೈಲ್ ಕ್ಲೋರೈಡ್ ತುಂಬಿದ ಗಾಜಿನ ಕೊಳವೆಯನ್ನು ಬಿಸಿಲಿಗೆ ಒಡ್ಡಿದಾಗ ಒಳಗೆ ಬಿಳಿಯ ಘನವಸ್ತುವೊಂದು ಕೂಡಿಕೊಂಡಿತು. ಅದೇ ಪಿವಿಸಿ. ಪೆಡಸು, ಒಡಕಲು, ಐವತ್ತು ವರ್ಷ ಅದರಿಂದ ಯಾರಿಗೂ ಹೆಚ್ಚಿನ ಪ್ರಯೋಜನವಾಗಲಿಲ್ಲ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೋ ಸೀಮನ್, ರಬ್ಬರನ್ನು ಲೋಹಕ್ಕೆ ಕೂಡಿಸುವ ಅಂಟು ಹುಡುಕುತ್ತ ಪಿವಿಸಿಯನ್ನು ಹೆಚ್ಚು ಶಾಖದಲ್ಲಿ ಕುದಿಯುವ ದ್ರಾವಕದಲ್ಲಿ ಕಾಯಿಸಿದ. ಅಂಟು ಸಿಗಲಿಲ್ಲ, ಬಾಗುವ ಬಳುಕುವ ವಸ್ತು ಸಿಕ್ಕಿತು. ಇಂದಿನ ರೆಕ್ಸಿನ್, ರೇನ್‌ಕೋಟು, ಬ್ಯಾನರು, ಸ್ಟಿಕರು ಎಲ್ಲದರಲ್ಲೂ ಪಿವಿಸಿಯ ಜೊತೆಗೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಬೆರೆತಿರುತ್ತದೆ. ಅದಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ. ವರ್ಷಗಳು ಕಳೆದಂತೆ ಅದು ಒಳಗಿನಿಂದ ಮೇಲಕ್ಕೆ ಜಿನುಗುತ್ತದೆ. ಹಳೆಯ ಸ್ಕೂಟರಿನ ಸೀಟು ಮೊದಲು ಜಿಗುಟಾಗಿ ಆಮೇಲೆ ಬಿರಿಯುವುದು ಇದರಿಂದ. ಮುದ್ರಿಸಿದ ಎರಡು ಬ್ಯಾನರುಗಳನ್ನು ಮುಖಕ್ಕೆ ಮುಖ ಕೂಡಿಸಿ ಮಡಚಿಟ್ಟರೆ ಬೇಸಿಗೆಯಲ್ಲಿ ಒಂದಕ್ಕೊಂದು ಕಚ್ಚಿಕೊಂಡು, ಬಿಡಿಸುವಾಗ ಇದರ ಮೂಗು ಅದಕ್ಕೆ ಹೋಗುವುದೂ ಇದರಿಂದಲೇ. ಮಡಚಬಾರದು, ಮುದ್ರಣ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಿ, ನಡುವೆ ಕಾಗದ ಹಾಕಿ ನಿಲ್ಲಿಸಿಡಬೇಕು. ಧೂಳು ಕುಳಿತರೆ ಸಾಬೂನಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಪೆಟ್ರೋಲು, ಥಿನ್ನರು ಹಾಕಿ ಉಜ್ಜಿದರೆ ಧೂಳಿನ ಜೊತೆ ಚಿತ್ರವೂ ಹೋಗುತ್ತದೆ.

ಇದರಲ್ಲಿ ಪ್ರತಿ ಮನೆಗೂ ಸಂಬಂಧಿಸಿದ ಒಂದು ಸಂಗತಿಯಿದೆ. ಮಕ್ಕಳ ಅಂಕಪಟ್ಟಿಗಳನ್ನು ತಂದೆತಾಯಿಗಳು ಜತನದಿಂದ ಪ್ಲಾಸ್ಟಿಕ್ ಫೈಲಿನಲ್ಲಿ ಇಡುತ್ತಾರೆ. ಐದಾರು ವರ್ಷ ಬಿಟ್ಟು ತೆಗೆದಾಗ ಝೆರಾಕ್ಸ್ ಪ್ರತಿಯ ಅಕ್ಷರಗಳು ಕಾಗದ ಬಿಟ್ಟು ಫೈಲಿನ ಹಾಳೆಗೆ ಅಂಟಿರುತ್ತವೆ. ಫೈಲು ಮೆತ್ತನೆಯ ಪಿವಿಸಿಯದಾಗಿದ್ದರೆ ಅದರಿಂದ ಜಿನುಗಿದ ಪ್ಲಾಸ್ಟಿಸೈಜರು ಅಕ್ಷರದ ಪುಡಿಯನ್ನು ಮೆತ್ತಗೆ ಮಾಡಿ ಎಳೆದುಕೊಂಡಿರುತ್ತದೆ. ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಈ ಕಾಟವಿಲ್ಲ. ಇನ್ನು ಮೂಲ ಅಂಕಪಟ್ಟಿಗೇ ಬಿಸಿ ಲ್ಯಾಮಿನೇಶನ್ ಮಾಡಿಸಲು ಬರುವವರೂ ಉಂಟು. ಫಲಿತಾಂಶದ ತಿಂಗಳಲ್ಲಿ ಅಂಗಡಿಯಲ್ಲಿ ಈ ಜಗ್ಗಾಟ ನಡೆದೇ ಇರುತ್ತದೆ.

‘ಮಳಿಗಾಲ ಬಂತ್ರಿ, ಹಾಳಾಗ್ಬಾರ್ದ ನೋಡ್ರಿ. ಪ್ಯಾಕ್ ಮಾಡಿ ಕೊಡ್ರಿ’ ಎಂದು ಒಬ್ಬ ತಾಯಿ ಮಗನ ಅಂಕಪಟ್ಟಿ ಮುಂದಿಡುತ್ತಾಳೆ.

‘ಅಕ್ಕಾರ, ಇದಕ್ಕ ಬ್ಯಾಡ್ರಿ. ಒಮ್ಮಿ ಹಾಕಿದ್ರ ತಗಿಯಾಕ ಬರೂದಿಲ್ಲ. ನಾಳೆ ಇದರ ಮ್ಯಾಲ ಯಾರರ ಸಿಕ್ಕಾ ಹೊಡೀಬೇಕಂದ್ರ ಎಲ್ಲಿ ಹೊಡೀತಾರ? ಕವರ್‌ನ್ಯಾಗ ಹಾಕಿ ಇಡ್ರಿ.’

ಲ್ಯಾಮಿನೇಶನ್ನಿನ ಹಣ ಬಿಟ್ಟು ಅದಕ್ಕಿಂತ ಅಗ್ಗದ ಕವರು ಕೊಟ್ಟು ಕಳಿಸುವ ಅಂಗಡಿಯಾತನನ್ನು ಆಕೆ ತುಸು ಅನುಮಾನದಿಂದಲೇ ನೋಡುತ್ತಾಳೆ. ಕಸಿವಿಸಿಯೇನೋ ಸಹಜ. ರಕ್ಷಣೆ ಎಂದರೆ ಮೇಲೊಂದು ಹೊದಿಕೆ ಹಾಕುವುದು ಎಂದೇ ಎಲ್ಲರ ನಂಬಿಕೆ.

ಮಳೆಗಾಲದ ಮಾತು ಬಂತು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆ ಅದಕ್ಕೂ ಬಹಳ ಹೆಚ್ಚು. ನೀರಿನಿಂದ ವಿನೈಲಿಗೆ ಅಂಥ ಭಯವಿಲ್ಲ. ಭಯವಿರುವುದು ಮಳೆಯ ಜೊತೆ ಬರುವ ಗಾಳಿಯಿಂದ. ಇದರ ಲೆಕ್ಕವನ್ನೂ ಮಗಳೇ ಮಾಡಿ ತೋರಿಸಿದಳು. ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಬ್ಯಾನರೆಂದರೆ 200 ಚದರಡಿ, ಸುಮಾರು ಹದಿನೆಂಟೂವರೆ ಚದರ ಮೀಟರು. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ಎದುರಿನಿಂದ ಬಡಿದರೆ ಅದರ ಮೇಲೆ ಬೀಳುವ ಒತ್ತಡ ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್ ಭಾರದಷ್ಟು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು.

‘ಅಪ್ಪಾ, ತೂತ ಮಾಡಿದ್ರ ಗಾಳಿ ಹೋಗ್ತೈತಿ ಅಂತಾರಲ್ಲ, ಅದು ಸುಳ್ಳ’ ಎಂದಳು.

‘ಹೆಂಗವ್ವಾ? ಎಲ್ಲಾರೂ ಮಾಡ್ತಾರಲ್ಲ.’

ಮೂರು ಇಂಚಿನ ಅರ್ಧಚಂದ್ರದ ಆಕಾರದಲ್ಲಿ ಇಪ್ಪತ್ತು ಕಡೆ ಕತ್ತರಿಸಿದರೆ ತೆರೆಯುವ ಜಾಗ ಒಟ್ಟು ಅರ್ಧ ಚದರಡಿ. ಇನ್ನೂರು ಚದರಡಿಯಲ್ಲಿ ಅರ್ಧ ಎಂದರೆ ಶೇಕಡಾ ಕಾಲು. ಗಾಳಿಗೆ ಅದು ಏನೇನೂ ಸಾಲದು. ಆದರೆ ಪ್ರತಿ ತೂತಿನ ತುದಿಯೂ ಹರಿಯಲು ಸಿಕ್ಕ ಆರಂಭ. ತೂತು ಮಾಡುವ ಹೊತ್ತನ್ನು ಅಂಚು ಮಡಿಸಿ ಹೊಲಿಯುವುದಕ್ಕೆ, ಐಲೆಟ್‌ಗಳನ್ನು ಒತ್ತೊತ್ತಾಗಿ ಹೊಡೆಯುವುದಕ್ಕೆ ಕೊಟ್ಟರೆ ಒಳ್ಳೆಯದು. ಒಂದೊಂದು ಐಲೆಟ್ಟಿನ ಮೇಲೆ ಬೀಳುವ ಎಳೆತ ಆಗ ಹಂಚಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಬ್ಯಾನರನ್ನು ಸಣ್ಣದು ಮಾಡುವುದು. ಇದನ್ನು ಅಭಿಮಾನಿಗಳ ಗುಂಪಿಗೆ ಹೇಳಿ ಬದುಕಿ ಬರುವುದು ಕಷ್ಟ.

ಇಷ್ಟೆಲ್ಲ ತಿಳಿದ ಮನುಷ್ಯ ಈಗ ಫ್ಲೆಕ್ಸ್ ಮುದ್ರಿಸುವುದಿಲ್ಲ. ಪಾಲಿಯೆಸ್ಟರ್ ನೂಲಿನ ಜಾಲರಿಗೆ ಎರಡೂ ಕಡೆ ಪಿವಿಸಿ ಹೊದಿಸಿದ ಬಟ್ಟೆಯಂಥ ಹಾಳೆಯೇ ಫ್ಲೆಕ್ಸ್. 2016ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸ್, ಬಂಟಿಂಗ್‌ಗಳನ್ನೂ ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಕೇಂದ್ರದ ನಿಯಮ 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಬ್ಯಾನರುಗಳನ್ನು ದೇಶದಾದ್ಯಂತ ನಿಲ್ಲಿಸಿತು. ಕಾಗದದ ಮೇಲೆ ಇಷ್ಟಿದ್ದರೂ ಊರೂರಿನ ಸರ್ಕಲ್ಲುಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸುಗಳಿಗೆ ಬರವಿಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಈತ ಮಾತ್ರ ಹತ್ತು ಅಡಿಯ ಹಳೆಯ ಯಂತ್ರವನ್ನು ಸಿಕ್ಕ ಬೆಲೆಗೆ ಮಾರಿ, ಸ್ಟಿಕರು ಮತ್ತು ಬಟ್ಟೆಗೆ ಆಗುವ ಚಿಕ್ಕ ಯಂತ್ರ ತಂದ. ಪರಿಸರದ ಮೇಲಿನ ಪ್ರೀತಿ ಎಷ್ಟೋ, ದಂಡದ ಭಯ ಎಷ್ಟೋ, ಆತನೇ ಹೇಳಲಾರ. ಆದಾಯ ಕಡಿಮೆಯಾಗಿದೆ. ಜಾತ್ರೆ, ಗಣೇಶ ಚೌತಿ, ರಾಜ್ಯೋತ್ಸವದ ದಿನಗಳಲ್ಲಿ ಬಾಗಿಲಿಗೆ ಬಂದ ಗಿರಾಕಿ ಬೇರೆ ಅಂಗಡಿಗೆ ಹೋಗುವುದನ್ನು ನೋಡುತ್ತ ನಿಲ್ಲುವುದು ಸುಲಭವಲ್ಲ.

ಮತ್ತೊಂದು ಕಾರಣವೂ ಇತ್ತು. ಹಳೆಯ ಯಂತ್ರದ ಶಾಯಿಯಲ್ಲಿದ್ದ ಸೈಕ್ಲೋಹೆಕ್ಸನೋನ್‌ನಂಥ ದ್ರಾವಕಗಳ ವಾಸನೆ ಕಣ್ಣು ಮೂಗು ಉರಿಸುವಂಥದು, ಮುಚ್ಚಿದ ಕೋಣೆಯಲ್ಲಿ ತಲೆನೋವು ತರುವಂಥದು. ಒಣಗುತ್ತಿರುವ ಬ್ಯಾನರಿನಿಂದ ಹೊರಟ ಆವಿ ಅಂಗಡಿಯ ಗಾಳಿಗೇ ಸೇರುತ್ತದೆ. ಬ್ಯಾನರಿಗೆ ಒಳ್ಳೆಯದಾದದ್ದು ಪಕ್ಕದಲ್ಲಿ ಕೂತವರ ಪುಪ್ಪುಸಕ್ಕೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆಂದು ಶಟರು ಅರ್ಧ ಇಳಿಸಿ, ಅದೇ ಕೋಣೆಯ ಮೂಲೆಯಲ್ಲಿ ಮಗಳು ಹೋಮ್‌ವರ್ಕ್ ಮಾಡುತ್ತ ಎಷ್ಟೋ ಸಂಜೆ ಕಳೆದಿದ್ದಳು. ತಲೆನೋವಿಗೆ ಓದು ಹೆಚ್ಚಾದದ್ದೇ ಕಾರಣವೆಂದು ಮನೆಯವರು ನಂಬಿದ್ದರು. ರಜೆಯಲ್ಲಿ ಮಕ್ಕಳನ್ನು ಅಂಗಡಿಗೆ ಕೂರಿಸುವ ತಂದೆತಾಯಿಗಳು ಈ ಕಸುಬಿನಲ್ಲಿ ಬಹಳ. ಕೈಕೆಲಸ ಕಲಿಯುವುದು ಒಳ್ಳೆಯದೇ, ಅದಕ್ಕೆ ಮೊದಲು ಹೊರಗೆ ಗಾಳಿ ತಳ್ಳುವ ಒಂದು ಎಗ್ಝಾಸ್ಟ್ ಫ್ಯಾನು ಇರಬೇಕು, ಶಾಯಿ ಮುಟ್ಟುವ ಕೈಗೆ ಗವಸು ಬೇಕು, ಒಣಗಿಸುವ ಜಾಗ ಕೂರುವ ಜಾಗದಿಂದ ಬೇರೆಯಾಗಿರಬೇಕು. ಈ ಅಂಗಡಿಯಲ್ಲಿ ಈಗ ಹಿತ್ತಲಿನ ತಗಡಿನ ಚಪ್ಪರದಡಿ ಹಾಳೆಗಳು ಒಣಗುತ್ತವೆ. ಹೊಸ ಯಂತ್ರದ ಶಾಯಿಯ ವಾಸನೆ ಸೌಮ್ಯ, ಹಾಗೆಂದು ಅದು ನಿರುಪದ್ರವಿ ಎಂದುಕೊಳ್ಳುವಂತಿಲ್ಲ. ವಾಸನೆ ಕಡಿಮೆಯಾದಷ್ಟೂ ಎಚ್ಚರ ತಪ್ಪುತ್ತದೆ ಎಂದು ಮಗಳು ಚೀಟಿ ಬರೆದು ಅಂಟಿಸಿದ್ದಾಳೆ. ಅವಳೀಗ ಬಿ.ಎಸ್ಸಿ. ಓದುತ್ತಿದ್ದಾಳೆ, ರಸಾಯನಶಾಸ್ತ್ರವೇ ಮುಖ್ಯ ವಿಷಯ.

ಒಂದು ದಿನದ ಕಾರ್ಯಕ್ರಮವೆಂದು ಆರ್ಡರ್ ಪುಸ್ತಕದಲ್ಲಿ ಬರೆದರೆ ಈಗ ಬಟ್ಟೆಯ ಬ್ಯಾನರು. ಅದಕ್ಕೆ ಲ್ಯಾಮಿನೇಶನ್ ಬೇಡ, ಕೊಳವೆ ಬೇಡ. ಮಡಚಿ ಚೀಲಕ್ಕೆ ಹಾಕಬಹುದು. ಜೋರು ಮಳೆಗೆ ಸಿಕ್ಕರೆ ನೀರು ಕುಡಿದು ಜೋತುಬೀಳುತ್ತದೆ, ನಿಜ. ಇಸವಿ ತಾರೀಖು ಹಾಕದೆ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದಷ್ಟೇ ಬರೆಸಿಕೊಂಡು ಅದನ್ನೇ ಪ್ರತಿ ವರ್ಷ ಕಟ್ಟುವ ಶಾಲೆಗಳೂ ಇವೆ. ಅಂಗಡಿಯಾತನಿಗೆ ಅದರಲ್ಲಿ ನಷ್ಟವೇ. ಆದರೂ ತಾರೀಖು ಬಿಡುವ ಸಲಹೆ ಕೊಟ್ಟವನು ಅವನೇ.

ಫ್ಲೆಕ್ಸ್ ಕಾಲದ ಹಳೆಯ ತುಂಡುಗಳು ಹಿತ್ತಲಿನಲ್ಲಿ ಇನ್ನೂ ಇವೆ. ನೀರು ಕಾಯಿಸುವ ಹಂಡೆಯ ಒಲೆಗೆ ಒಯ್ಯುತ್ತೇವೆಂದು ಕೇಳಿದವರಿಗೆ ಆತ ಕೊಡುವುದಿಲ್ಲ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉರಿಸುವ ಅನಿಲ ಬರುತ್ತದೆ, ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟಬಹುದು. ಬಚ್ಚಲಿನಲ್ಲಿ ಕೂತು ಅದನ್ನು ಉಸಿರಾಡುವವರು ಮನೆಯ ಮಕ್ಕಳು. ಖಾನಾಪುರದ ಕಡೆಯ ರೈತರು ಮಳೆಗಾಲಕ್ಕೆ ಮೊದಲು ಮೇವಿನ ಬಣವಿಗೆ ಹೊದಿಸಲು ಕೇಳಿಕೊಂಡು ಬಂದರೆ ಸಂತೋಷದಿಂದ ಕೊಡುತ್ತಾನೆ. ‘ಚಿತ್ರ ಒಳಗ ಮಾಡ್ರಿ, ಬಿಳೀದ ಮ್ಯಾಲ ಬರ್ಲಿ’ ಎನ್ನುತ್ತಾನೆ. ಬಿಳಿಯ ಬೆನ್ನು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ಹಾಳೆ ಬೇಗ ಕಾಯುವುದಿಲ್ಲ, ಇನ್ನೊಂದು ಮಳೆಗಾಲ ಬಾಳುತ್ತದೆ. ಕಳೆದ ಸಲ ಒಬ್ಬ ಮುದುಕ ಒಯ್ದದ್ದರಲ್ಲಿ ಕೈ ಮುಗಿದು ನಿಂತ ನಾಲ್ವರ ನೀಲಿ ಮುಖಗಳಿದ್ದವು.

‘ಒಳಗ ಮಾಡಿದ್ರ ಇವರು ಕಾಣೂದಿಲ್ಲಲ್ರಿ’ ಎಂದ ಮುದುಕ, ಹಾಳೆ ಸುತ್ತುತ್ತ.

‘ಎಮ್ಮಿಗೆ ಯಾಕ ಕಾಣ್ಬೇಕ್ರಿ ಅಜ್ಜಾರ?’